ಬೇಟೆಗೊಂದು ದುರ್ಬೀನು

ಲತೀಶನ ಆ ದಿನದ ಕಷ್ಟಕ್ಕೆಲ್ಲ ಕಾರಣ ಒಂದು ಫೋನ್ ಕರೆ. ಅದೂ ಅರ್ಧ ನಿಮಿಷದ್ದು.

ಗುರುವಾರ ಬೆಳಿಗ್ಗೆ ಕುವೈತಿನ ಸಬ್ಹಾನ್ ಎಂಬಲ್ಲಿಯ ಗೋದಾಮಿನಲ್ಲಿ ಅವನು ಪಂಪಿನ ವಾಷರುಗಳ ಪೆಟ್ಟಿಗೆ ಬಿಚ್ಚುತ್ತಿದ್ದ. ಯಜಮಾನ ಬೂ ನಾಸಿರ್ ಕಾರು ಓಡಿಸುತ್ತಲೇ ಫೋನ್ ಮಾಡಿದರು. ಅವರ ಮಾತು ಮರಳುಗಾಳಿಯ ಹಾಗೆ. ಬಂದದ್ದು ಗೊತ್ತಾಗುವುದಿಲ್ಲ, ಹೋದ ಮೇಲೆ ಕಣ್ಣುಜ್ಜಿಕೊಳ್ಳುತ್ತ ನಿಲ್ಲಬೇಕು.

“ಲತೀಫ್! ಒಂದು ದರ್ಬೀಲ್. ಝೈನ್, ಮೂ ಗಾಲಿ. ಹಗ್ ಸೈದ್. ಇವತ್ತು ಸಂಜೆಗೆ. ಯಲ್ಲಾ!”

ಲತೀಶ ಎಂಬ ಹೆಸರು ಯಜಮಾನರ ನಾಲಿಗೆಗೆ ಹೊಂದದೆ ಐದು ವರ್ಷದಿಂದ ಅವನು ಲತೀಫನಾಗಿದ್ದ. ಈ ಐದು ವರ್ಷದಲ್ಲಿ ಅವನ ಅರಬ್ಬಿಯೂ ಸುಧಾರಿಸಿತ್ತು. ಬಂದ ಹೊಸದರಲ್ಲಿ ಯಾರೋ ‘ಮೂ ಗಾಲಿ’ಯದ್ದು ತಾ ಎಂದಾಗ ಮೂರು ಗಾಲಿಯ ಗಾಡಿ ಹುಡುಕಿಕೊಂಡು ಇಡೀ ಗೋದಾಮು ಸುತ್ತಿದ್ದ, ಹಾಗೆಂದರೆ ‘ದುಬಾರಿ ಅಲ್ಲದ್ದು’ ಎಂದು ಈಗ ಗೊತ್ತು. ಝೈನ್ ಎಂದರೆ ಒಳ್ಳೆಯದು, ಯಲ್ಲಾ ಎಂದರೆ ಬೇಗ. ಹಗ್ ಎಂದರೆ ಅವನಿಗೆ, ಇದಕ್ಕೆ ಎನ್ನುವಾಗಿನ ‘ಗೆ’, ‘ಕ್ಕೆ’. ದರ್ಬೀಲ್ ಅಂತೂ ನಮ್ಮ ದುರ್ಬೀನೇ, ಅರಬ್ಬಿ ರುಮಾಲು ಸುತ್ತಿಕೊಂಡು ಬಂದಿತ್ತು. ಅವನು ಸಿಕ್ಕಿಕೊಂಡದ್ದು ಸೈದ್ ಎಂಬಲ್ಲಿ.

ನೇರ ಅಕೌಂಟ್ಸಿನ ಝಹೀರನಲ್ಲಿಗೆ ಹೋದ. ಝಹೀರ್ ಉಳ್ಳಾಲದವನು. ಮದರಸದಲ್ಲಿ ಕಲಿತ ಪುಸ್ತಕದ ಅರಬ್ಬಿ ಅವನದು. ಕುವೈತಿನ ಬೀದಿಯಲ್ಲಿ ಅದು ನಡೆಯದಿದ್ದರೂ ಆಫೀಸಿನಲ್ಲಿ ಅದಕ್ಕೆ ಎದುರಾಡುವವರಿರಲಿಲ್ಲ.

“ಸೈದ್ ಅಂದ್ರೆ ಬೇಟೆ,” ಎಂದ ಝಹೀರ್, ಕೀಬೋರ್ಡಿನಿಂದ ತಲೆಯೆತ್ತದೆ. “ಚಳಿಗಾಲ ಶುರುವಾಯ್ತಲ್ಲ, ಬಾಸ್ ಮರುಭೂಮಿಗೆ ಹೊರಟಿರ್ಬೇಕು. ಡೇರೆ, ಗಿಡುಗ, ಎಲ್ಲ ಉಂಟು ಅವರಿಗೆ.”

“ಗಿಡುಗ ಉಂಟಾ? ನೀನು ನೋಡಿದ್ದೀಯಾ?”

“ಅಷ್ಟು ದೊಡ್ಡ ಜನಕ್ಕೆ ಒಂದು ಗಿಡುಗ ಇರ್ಲಿಕ್ಕಿಲ್ವಾ ಮಾರಾಯ?”

ಆಚೆ ಮೇಜಿನ ಕಾರ್ಮೆಲ್ ಕುರ್ಚಿ ಸಮೇತ ಉರುಳಿಕೊಂಡು ಬಂದಳು. ಮಂಗಳೂರು ಕುಲಶೇಖರದವಳು, ಫೋನು ಎತ್ತುವುದು ಅವಳ ಕೆಲಸ, ಫೋನಿನಲ್ಲಿ ಇಲ್ಲದ ಮಾತನ್ನೂ ಎತ್ತುವುದು ಹವ್ಯಾಸ.

“ಲತೀಶ್, ಇವತ್ತು ಬಿಟ್ರೆ ಮತ್ತೆ ಸಿಗ್ಲಿಕ್ಕಿಲ್ಲ ನೋಡು. ಬೇಟೆಗೆ ಹೊರಟ ಗಂಡಸು ಮದುಮಗನ ಹಾಗೆ, ಎಂತ ಕೇಳಿದ್ರೂ ಹೂಂ ಅಂತಾನೆ. ಮೊದ್ಲು ದುರ್ಬೀನು ಕೊಡು, ಹಿಂದೆಯೇ ನಿನ್ನ ಲೀವ್ ಪೇಪರ್ ಇಡು. ನಾಲ್ಕು ಗಂಟೆಗೆ ಡ್ರೈವರ್ ಕಾಕನ ಬೀಳ್ಕೊಡುಗೆಗೆ ಬಾಸ್ ಹೇಗೂ ಬರ್ತಾರೆ. ಕೇಕಿಗೆ ನಾನು ಹೇಳಿ ಆಗಿದೆ.”

ರಜೆಯ ಮಾತು ಬಂದೊಡನೆ ಲತೀಶನ ಎದೆ ಗೋದಾಮಿನ ಹಳೆಯ ಪಂಪಿನ ಹಾಗೆ ಎರಡು ಸಲ ಕೆಮ್ಮಿ ಚಾಲೂ ಆಯಿತು.

ಹೆಂಡತಿ ಅಶ್ಮಿತಾಳ ಕೈಯ ಮದರಂಗಿ ಪೂರ್ತಿ ಮಾಸುವ ಮೊದಲೇ ಅವನು ವಿಮಾನ ಹತ್ತಿದವನು. ಆಮೇಲೆ ಒಂದು ಮಳೆಗಾಲ ಹೋಗಿ ಇನ್ನೊಂದೂ ಮುಗಿದಿತ್ತು. ಅವಳು ಕಾಪುವಿನಲ್ಲಿ. ಭಾನುವಾರ ಸಂಜೆ ದೀಪಸ್ತಂಭದ ಬುಡದಲ್ಲಿ ನಿಂತು ವಿಡಿಯೊ ಕರೆ ಮಾಡುತ್ತಾಳೆ. “ಇಲ್ಲಿಂದ ಪಶ್ಚಿಮಕ್ಕೆ ನೋಡಿದ್ರೆ ನೀವು ಕಾಣ್ಬೇಕಲ್ಲ? ಬರೀ ನೀರು ಕಾಣ್ತದೆ,” ಎನ್ನುತ್ತಾಳೆ. ಅವನು ಮಂಗಫಿನ ತನ್ನ ಕಟ್ಟಡದ ಮಹಡಿಯಲ್ಲಿ ಪೂರ್ವಕ್ಕೆ ಮುಖ ಮಾಡಿ, “ನನಗೆ ಅಷ್ಟೂ ಇಲ್ಲ. ನೀರಿನ ಟ್ಯಾಂಕಿ ಅಡ್ಡ ಉಂಟು,” ಎನ್ನುತ್ತಾನೆ. ಊರಿನ ಹೆಂಗಸರು “ವಿಶೇಷ ಎಂತದ್ದೂ ಇಲ್ವಾ?” ಎಂದು ಕೇಳಿ ಕೇಳಿ ಅವಳ ತಲೆ ತಿಂದಿದ್ದರು. ಹೋದ ವಾರ ಅವಳು ಒಬ್ಬರಿಗೆ, “ವಾಟ್ಸಾಪಿನಲ್ಲಿ ವಿಶೇಷ ಆಗುವುದಿಲ್ಲ ಅಕ್ಕಾ,” ಎಂದುಬಿಟ್ಟಳಂತೆ.

ರಜೆಯ ಅರ್ಜಿ ಬೂ ನಾಸಿರರ ಮೇಜಿನ ಮೇಲೆ ಎಷ್ಟು ಕಾಲದಿಂದ ಬಿದ್ದಿತ್ತೆಂದರೆ ಅದರ ಮೇಲೆ ಚಹಾದ ಲೋಟ ಇಡುವುದು ಅವರಿಗೆ ರೂಢಿಯಾಗಿತ್ತು. ಕೇಳಿದರೆ ‘ಇನ್ ಶಾ ಅಲ್ಲಾ’. ಅದರ ಮುಂದೆ ಯಾರಾದರೂ ಏನು ಹೇಳಲಿಕ್ಕಾಗುತ್ತದೆ?

ಕಾರ್ಮೆಲ್ ಹೊಸ ಅರ್ಜಿಯೊಂದನ್ನು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಝಹೀರ್ ಇಪ್ಪತ್ತೈದು ದಿನಾರ್ ಕೊಟ್ಟು, “ನಂಬರ್ ದೊಡ್ಡದಿದ್ದದ್ದೇ ತಗೋ. ದುರ್ಬೀನಿನಲ್ಲಿ ನಂಬರೇ ಮುಖ್ಯ,” ಎಂದ. ಅವನು ಜೀವಮಾನದಲ್ಲಿ ದುರ್ಬೀನು ಮುಟ್ಟಿದವನಲ್ಲ.

ಕಂಪನಿಯ ವ್ಯಾನು ಓಡಿಸುವವರು ಕಾಕ. ಉಚ್ಚಿಲದ ಬ್ಯಾರಿ, ಅರವತ್ತು ದಾಟಿದವರು, ಬೂ ನಾಸಿರರ ತಂದೆಯ ಕಾಲದಿಂದ ಇದ್ದವರು. ವ್ಯಾನಿನ ಗಾಜಿಗೆ ಅಂಟಿಸಿದ ಗೇಟ್ ಪಾಸಿನಲ್ಲಿ ಅವರ ಮುಖವೂ ಹೆಸರೂ ಬಿಸಿಲಿಗೆ ಮಾಸಿಹೋಗಿದ್ದವು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಊರವರಿಗೆ, ಮಲಯಾಳಿಗಳಿಗೆ, ಈಜಿಪ್ಟಿನವರಿಗೆ, ಎಲ್ಲರಿಗೂ ಅವರು ಕಾಕ. ಶನಿವಾರ ಎಲ್ಲ ಖಲಾಸ್ ಮಾಡಿಕೊಂಡು ಊರಿಗೆ ಹೊರಡುವವರು.

“ಭಾರೀ ಖುಷಿ ಅಲ್ವಾ ಕಾಕ?” ಎಂದ ಲತೀಶ, ಹೊಟ್ಟೆಕಿಚ್ಚನ್ನು ನುಂಗಿಕೊಂಡು.

“ಖುಷಿ ಎಂತದ್ದು. ಕದೀಜಾ ಈಗ್ಲೇ ಫೋನಿನಲ್ಲಿ ಹೇಳಿ ಆಯ್ತು, ಬಂದು ಅಡಿಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರ್ಬೇಡಿ ಅಂತ. ಇಷ್ಟು ವರ್ಷ ಒಬ್ಳೇ ಮನೆ ನಡೆಸಿದವ್ಳು. ನಾನು ಹೋದ್ರೆ ಅವಳಿಗೆ ಒಂದು ಕೆಲಸ ಹೆಚ್ಚು, ಅಷ್ಟೇ.”

ಹೋಗುವ ಆಸೆಯಿದ್ದವನಿಗೆ ರಜೆಯಿಲ್ಲ, ಹೋಗುವವರಿಗೆ ಆಸೆಯಿಲ್ಲ. ದೇವರ ಗೋದಾಮಿನಲ್ಲೂ ಸ್ಟೋರ್‌ಕೀಪರ್ ಸರಿಯಿಲ್ಲ ಎಂದುಕೊಂಡ ಲತೀಶ.

“ನೀವು ಹೋದ ಮೇಲೆ ವ್ಯಾನ್ ಯಾರು ಓಡಿಸ್ತಾರೆ ಕಾಕ?”

“ಲೈಸೆನ್ಸ್ ಇದ್ದವ.”

“ನನಗೂ ಉಂಟಲ್ಲ. ಹೋದ ವರ್ಷವೇ ಆಯ್ತು.”

ಕಾಕ ಸಿಗ್ನಲಿನಲ್ಲಿ ವ್ಯಾನು ನಿಲ್ಲಿಸಿ ಪೂರ್ತಿ ಅವನ ಕಡೆ ತಿರುಗಿದರು. “ನನ್ನ ಹತ್ರ ಹೇಳಿದ್ದು ಆಯ್ತು. ಇನ್ನೊಬ್ಬನ ಹತ್ರ ಬಾಯಿ ಬಿಡ್ಬೇಡ. ಲೈಸೆನ್ಸ್ ಉಂಟಂತ ಗೊತ್ತಾದ್ರೆ ಆಮೇಲೆ ನೀನು ಮನುಷ್ಯ ಅಲ್ಲ, ಸ್ಟೇರಿಂಗ್.”

ಶುವೈಖ್ ಪೇಟೆಯ ಮೊದಲ ಅಂಗಡಿಯಲ್ಲಿ ಕೋಟು ತೊಟ್ಟವನೊಬ್ಬ ಮಖಮಲ್ಲಿನ ಬಟ್ಟೆ ಹಾಸಿ ಅದರ ಮೇಲೆ ಜರ್ಮನಿಯ ದುರ್ಬೀನು ಇಟ್ಟ. ಲತೀಶ ಅದರಲ್ಲಿ ರಸ್ತೆಯಾಚೆಯ ಬೇಲಿಯ ಮೇಲೆ ಕೂತ ಗುಬ್ಬಿಯ ರೆಪ್ಪೆ ನೋಡಿದ. ಬೆಲೆ ಕೇಳಿದ. ಆ ದುಡ್ಡಿನಲ್ಲಿ ಅಶ್ಮಿತಾಳ ಇಡೀ ಕುಟುಂಬವನ್ನು ವಿಮಾನದಲ್ಲಿ ಕರೆಸಿ ಗುಬ್ಬಿಯನ್ನು ಹತ್ತಿರದಿಂದಲೇ ತೋರಿಸಬಹುದಿತ್ತು. ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ಅದನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು, ಹಿಂದೆ ಹಿಂದೆ ನಡೆದು ಹೊರಗೆ ಬಂದ.

“ಬಡವರ ದುರ್ಬೀನು ಬ್ನೇದ್ ಅಲ್ ಗಾರ್‌ನಲ್ಲಿ ಸಿಗ್ತದೆ,” ಎಂದರು ಕಾಕ. “ನಡಿ, ಉಮ್ಮರ್ ಕುಂಞಿಯ ಅಂಗಡಿಗೆ ಹೋಗುವ.”

ಉಮ್ಮರ್ ಕುಂಞಿ ಮಂಜೇಶ್ವರದವನು. ಅಪಾರ್ಟ್‌ಮೆಂಟುಗಳ ನಡುವೆ, ವಾಹನ ನಿಲ್ಲಿಸುವ ಬಯಲಿಗೆ ಮುಖ ಮಾಡಿದ ಅವನ ಅಂಗಡಿಯಲ್ಲಿ ಗಡಿಯಾರ, ಟಾರ್ಚು, ಮೀನಿನ ಗಾಳ ಎಲ್ಲ ಇತ್ತು. ಲತೀಶ ಝಹೀರನ ಮಾತಿನಂತೆ, ‘ನೂರು ಪಟ್ಟು’ ಎಂದು ಬರೆದ ಪೆಟ್ಟಿಗೆಗೆ ಕೈಹಾಕಿದ.

“ಅದು ಬೇಡ. ಅದನ್ನು ನಾನು ನನಗಾಗದವರಿಗೆ ಮಾರುವುದು,” ಎಂದ ಉಮ್ಮರ್ ಕುಂಞಿ. “ದೊಡ್ಡ ನಂಬರ್ ಹಿಡಿದ್ರೆ ಹಕ್ಕಿ ದೊಡ್ಡದಾಗುವುದಲ್ಲ, ನಿನ್ನ ಕೈಯ ನಡುಕ ದೊಡ್ಡದಾಗುವುದು. ಎಂಟು ಪಟ್ಟು ಸಾಕು. ಬೇಟೆ ಅಂದ್ರೆ ನಸುಕಿನಲ್ಲಿ, ಅಲ್ವಾ? ಆಗ ಬೇಕಾದದ್ದು ಬೆಳಕು. ಮುಂದಿನ ಗಾಜು ಅಗಲ ಇದ್ದಷ್ಟೂ ಬೆಳಕು ಹೆಚ್ಚು.”

ಇಪ್ಪತ್ತೈದು ದಿನಾರಿನೊಳಗೆ ಎರಡೇ ಇದ್ದವು. ಒಂದು ಕರಿಯದು, ಚಿಕ್ಕದು. ಇನ್ನೊಂದು ಹಸಿರು, ಗಾಜು ಅಗಲ, ನೀರು ಬಿದ್ದರೂ ಹಾಳಾಗದ್ದು, ಕುತ್ತಿಗೆಗೆ ತೂಗಿದರೆ ಒಂದು ತೆಂಗಿನಕಾಯಿ ತೂಗಿದ ಹಾಗೆ.

ಕಾಕ ಕೇಳದೆಯೇ ಎರಡನ್ನೂ ಎತ್ತಿಕೊಂಡರು. ಅವರ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದನ್ನು ತೆಗೆದರೆ ಅವರಿಗೆ ಒಂಟೆಯೂ ಒಂದೇ, ಲಾರಿಯೂ ಒಂದೇ. ಕರಿಯದನ್ನು ಕನ್ನಡಕಕ್ಕೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. “ಯಾ ಅಲ್ಲಾ! ಎಷ್ಟು ಚಂದ ಕಾಣ್ತದೆ. ದೊಡ್ಡ ಯಜಮಾನರ ಕಾಲದಲ್ಲಿ ಮರುಭೂಮಿಗೆ ಹೋದಾಗ ಅವರ ದುರ್ಬೀನು ನನ್ನ ಕೈಯಲ್ಲೇ ಇರ್ತಿತ್ತು. ನೋಡ್ಲಿಕ್ಕೆ ಎಂತದ್ದೂ ಇರ್ಲಿಲ್ಲ, ಬರೀ ಮರಳು. ಆದ್ರೂ ಹೊತ್ತು ಹೋಗ್ತಿತ್ತು.” ಆಮೇಲೆ ಹಸಿರನ್ನು ಹಿಡಿದು ಮುಖ ಕಿವಿಚಿದರು. “ಇದ್ರಲ್ಲಿ ಕನ್ನಡಕ ಹಾಕಿದವರಿಗೆ ಕಾಣುವುದಿಲ್ಲ. ಸುತ್ತ ಕಪ್ಪು, ನಡುವೆ ಹುಣಸೆಬೀಜದಷ್ಟು ಬೆಳಕು. ಕರಿಯದೇ ತಗೋ.”

“ಕಾಕ, ಇದು ನಿಮಗಲ್ಲ,” ಎಂದ ಲತೀಶ, ತಾಳ್ಮೆಗೆಟ್ಟು. “ನಿಮ್ಮ ಕನ್ನಡಕ ಕಟ್ಟಿಕೊಂಡು ಎಂತ ಮಾಡ್ಲಿ? ಬಾಸಿನದ್ದು ಗಿಡುಗನ ಕಣ್ಣು. ನಸುಕಿಗೆ ಹಸಿರೇ ಸರಿ.”

ಕಾಕ ಕರಿಯದನ್ನು ನಿಧಾನ ಪೆಟ್ಟಿಗೆಯಲ್ಲಿಟ್ಟು ವ್ಯಾನಿಗೆ ಹೋಗಿ ಕೂತರು.

ಒಂದು ಸಲ ಹೊರಗೆ ನೋಡಿ ಪರೀಕ್ಷೆ ಮಾಡುವುದು ಒಳ್ಳೆಯದೆಂದು ಲತೀಶ ಹಸಿರು ದುರ್ಬೀನು ಹಿಡಿದು ಬಾಗಿಲಲ್ಲಿ ನಿಂತ. ಬಯಲಿನಾಚೆ ಅಪಾರ್ಟ್‌ಮೆಂಟು. ಒಂದನೇ ಮಹಡಿ. ತೆರೆದ ಕಿಟಕಿ. ಕಿಟಕಿಯೊಳಗೆ ಒಲೆ, ಒಲೆಯ ಮೇಲೆ ಕಾವಲಿ, ಕಾವಲಿಯ ಮೇಲೆ ನೀರುದೋಸೆ.

ಅಲ್ಲಿಗೆ ಮುಗಿಯಿತು. ಬಳೆ ತೊಟ್ಟ ಒಂದು ಕೈ ಹಿಟ್ಟನ್ನು ಬೀಸಿ ಹೊಯ್ಯುತ್ತಿತ್ತು. ದೋಸೆಯ ಒಂದೊಂದು ತೂತೂ ಲತೀಶನಿಗೆ ಕಾಣುತ್ತಿತ್ತು. ಅಂಚು ಏಳುವುದು ಕಂಡಿತು. ಅದನ್ನು ಮೂಲೆ ಮೂಲೆ ಸೇರಿಸಿ ಮಡಚುವುದು ಕಂಡಿತು. ಅಶ್ಮಿತಾ ಮದುವೆಯ ಮೂರನೆಯ ಬೆಳಿಗ್ಗೆ ಹೀಗೆಯೇ ಹೊಯ್ದಿದ್ದಳು. ಮೊದಲಿನ ಎರಡು ಹರಿದುಹೋಗಿ, ಅವನ್ನು ತಾನೇ ತಿಂದು, ಹರಿಯದ್ದನ್ನು ಇವನ ತಟ್ಟೆಗೆ ಹಾಕಿದ್ದಳು. ಇವನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಮೂರನೆಯ ದೋಸೆಯೂ ಮಡಚಿ ಆಯಿತು. ಇವನು ಕದಲಲಿಲ್ಲ.

ಭುಜದ ಮೇಲೊಂದು ಕೈ ಬಿತ್ತು. ಆ ಕಟ್ಟಡದ ಈಜಿಪ್ಟಿನ ಕಾವಲುಗಾರ, ಬಾಗಿಲಷ್ಟು ಅಗಲದವನು. ಹೆಂಗಸರ ಕಿಟಕಿಗೆ ದುರ್ಬೀನು ಹಿಡಿಯುತ್ತೀಯಾ, ಪೊಲೀಸರನ್ನು ಕರೆಯಲೇ ಎಂದು ಅವನು ಅರಬ್ಬಿಯಲ್ಲಿ ಕೂಗಿದ್ದು ಇಡೀ ಬಯಲಿಗೆ ಕೇಳಿಸಿತು. ಲತೀಶನ ಸುಧಾರಿಸಿದ ಅರಬ್ಬಿಯೆಲ್ಲ ಹಾರಿಹೋಗಿ ಎರಡೇ ಶಬ್ದ ಉಳಿದವು.

“ಹಗ್ ಸೈದ್! ಹಗ್ ಸೈದ್!”

ಅದನ್ನು ಕೇಳಿ ಕಾಕ ತಮ್ಮನ್ನೇ ಯಾರೋ ಕರೆದಂತೆ ವ್ಯಾನಿನಿಂದ ಇಳಿದು ಓಡಿಬಂದರು.

“ಬೇಟೆಯಾ? ಇಲ್ಲಿಯಾ?” ಕಾವಲುಗಾರ ಕಿಟಕಿಯತ್ತ ಬೆರಳು ತೋರಿಸಿದ. “ಯಾರ ಬೇಟೆ?”

ಅಷ್ಟರಲ್ಲಿ ಸಟ್ಟುಗ ಹಿಡಿದುಕೊಂಡೇ ಆ ಹೆಂಗಸು ಕೆಳಗಿಳಿದು ಬಂದಳು. ಐವತ್ತು ದಾಟಿದವಳು. ಲತೀಶನನ್ನು ಮೇಲಿಂದ ಕೆಳಗೆ ನೋಡಿ ಸಟ್ಟುಗ ಎತ್ತಿದವಳು ಅಲ್ಲಿಗೇ ನಿಂತಳು.

“ನೀನು ಕಾಪುವಿನ ಅಶ್ಮಿತಾಳ ಗಂಡ ಅಲ್ವಾ? ನಾನು ಅವಳ ಅಮ್ಮನ ಜೊತೆ ಶಾಲೆಗೆ ಹೋದ ಆಶಾಲತಾ! ನಿನ್ನ ಮದುವೆಯಲ್ಲಿ ಪಾಯಸ ಸಿಗದೆ ಎದ್ದು ಬಂದವಳು!”

ಲತೀಶನಿಗೆ ಪೊಲೀಸರೇ ವಾಸಿ ಅನಿಸಿತು. “ಅಕ್ಕಾ, ದೇವರಾಣೆ ನಾನು ನಿಮ್ಮನ್ನು ನೋಡಿದ್ದಲ್ಲ. ದೋಸೆಯನ್ನು ನೋಡಿದ್ದು.”

“ಓಹೋ! ಅಂದ್ರೆ ನನ್ನಲ್ಲಿ ನೋಡುವಂಥದ್ದು ಎಂತದ್ದೂ ಇಲ್ಲ ಅಂತಲೋ?”

ಕಾಕ ತಮ್ಮ ಅರಬ್ಬಿಯಿಂದ ಕಾವಲುಗಾರನನ್ನೂ, “ಹುಡುಗ ಊರು ಬಿಟ್ಟು ಹಸಿದಿದ್ದಾನೆ ತಾಯಿ” ಎಂದು ಆಶಾಲತಾಳನ್ನೂ ಸಮಾಧಾನ ಮಾಡಿದರು. ಉಮ್ಮರ್ ಕುಂಞಿ ಹಸಿರು ದುರ್ಬೀನನ್ನು ಪೆಟ್ಟಿಗೆಗೆ ತುರುಕಿ, ದುಡ್ಡು ಎಣಿಸಿಕೊಂಡು, “ತಗೊಂಡು ಹೋಗು. ನನ್ನ ಅಂಗಡಿಯ ಮರ್ಯಾದೆ ಹೋಯ್ತು. ಇನ್ನು ವಾಪಸು ಗೀಪಸು ಅಂತ ಈ ಕಡೆ ಮುಖ ಹಾಕ್ಬೇಡ,” ಎಂದ.

ವ್ಯಾನು ರಿಂಗ್ ರೋಡಿಗೆ ಬರುವ ಮೊದಲೇ ಅಶ್ಮಿತಾಳ ಕರೆ ಬಂತು. ಆಶಾಲತಾ ಸುದ್ದಿಯನ್ನು ಊರವರ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಸುದ್ದಿ ಟಿಕೆಟ್ಟಿಲ್ಲದೆ, ರಜೆಯಿಲ್ಲದೆ ಕಾಪು ಮುಟ್ಟಿತ್ತು.

“ದುರ್ಬೀನು ಹಿಡಿದು ಯಾರನ್ನು ನೋಡ್ಲಿಕ್ಕೆ ಹೋದದ್ದು ನೀವು?”

“ಅದು ಬೇಟೆಗೆ ಮಾರಾಯ್ತಿ...”

“ಅವರೂ ಅದನ್ನೇ ಹೇಳಿದ್ದು! ಬೇಟೆ ಅಂತ ನೀವೇ ಬೊಬ್ಬೆ ಹಾಕಿದ್ರಂತೆ!”

“ಅಶ್ಮಿತಾ, ನಾನು ನೀರುದೋಸೆ ನೋಡ್ತಾ ಇದ್ದೆ.”

ಆ ಕಡೆಯ ದನಿ ಸಣ್ಣದಾಯಿತು. “ಅಲ್ಲಿ ಇನ್ನೊಬ್ಬರ ದೋಸೆ ನೋಡುವುದಕ್ಕಿಂತ ಇಲ್ಲಿಗೆ ಬಂದು ತಿನ್ಲಿಕ್ಕೆ ಆಗುದಿಲ್ವಾ?”

“ಇವತ್ತು ಸೈನ್ ಆಗ್ತದೆ. ಗ್ಯಾರಂಟಿ. ಡಿಸೆಂಬರಿಗೆ ಬರ್ತೇನೆ.”

ನಾಲ್ಕು ಗಂಟೆಗೆ ಆಫೀಸಿನ ನಡುವಿನ ಮೇಜಿನ ಮೇಲೆ ಕೇಕು ಬಂದು ಕೂತಿತ್ತು. ಬೂ ನಾಸಿರ್ ನಗುತ್ತ ಒಳಗೆ ಬಂದು, ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ, “ಲತೀಫ್, ದರ್ಬೀಲ್ ಬಂತಾ?” ಎಂದು ಕೇಳಿದರು. ಲತೀಶ ಎರಡೂ ಕೈಯಲ್ಲಿ ಪೆಟ್ಟಿಗೆ ಒಪ್ಪಿಸಿದ. ಅವನ ಹಿಂದೆ ಕಾರ್ಮೆಲ್, ಮದುಮಗಳ ಹಿಂದಿನ ಕಳಶಗಿತ್ತಿಯ ಹಾಗೆ, ರಜೆಯ ಅರ್ಜಿ ಹಿಡಿದು ನಿಂತಿದ್ದಳು.

ಬೂ ನಾಸಿರ್ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ನೇರ ಕಾಕನ ಹತ್ತಿರ ಹೋಗಿ, ಅವರನ್ನು ಅಪ್ಪಿ, ಎರಡು ಕೆನ್ನೆಗೂ ಮುತ್ತಿಟ್ಟು, ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟರು.

“ಯಾ ಸೈದ್! ನನ್ನ ತಂದೆಯ ದರ್ಬೀಲ್ ಯಾವಾಗಲೂ ನಿನ್ನ ಕೈಯಲ್ಲೇ ಇರ್ತಿತ್ತು. ‘ಹೆಂಡತಿಯನ್ನು ಹುಡುಕ್ತಿದ್ದೀಯಾ?’ ಅಂತ ತಂದೆ ತಮಾಷೆ ಮಾಡ್ತಿದ್ದರು. ಇದು ನಿನ್ನದೇ. ಹಗ್ ಸೈದ್!”

ಲತೀಶ ಕೇಕಿನತ್ತ ನೋಡಿದ. ಕೆಂಪು ಕ್ರೀಮಿನಲ್ಲಿ, ಕಾರ್ಮೆಲ್ ಹೇಳಿ ಬರೆಸಿದ ಅಕ್ಷರಗಳು: ‘ಸೈದು ಕಾಕ, ಹೋಗಿ ಬನ್ನಿ’.

ಅವನು ಝಹೀರನತ್ತ ತಿರುಗಿದ. “ಸಂಬಳದ ಪಟ್ಟಿ ಬರೆಯುವವ ನೀನು. ಕಾಕನ ಹೆಸರು ನಿನಗೆ ಗೊತ್ತಿರ್ಲಿಲ್ವಾ?”

“ನೀನು ಕೇಳಿದ್ದು ಶಬ್ದದ ಅರ್ಥ. ನಾನು ಹೇಳಿದೆ,” ಎಂದ ಝಹೀರ್ ಪಿಸುದನಿಯಲ್ಲಿ. “ಮನುಷ್ಯ ಯಾರಂತ ಕೇಳಿದ್ಯಾ?”

ಕಾಕ ಹಸಿರು ದುರ್ಬೀನನ್ನು ಕನ್ನಡಕಕ್ಕೆ ಒತ್ತಿಕೊಂಡು ಗೋಡೆಯತ್ತ ನೋಡಿದರು, ಕೇಕಿನತ್ತ ನೋಡಿದರು, “ಝೈನ್, ಝೈನ್,” ಎಂದು ತಲೆಯಾಡಿಸಿದರು. ಏನು ಕಾಣುತ್ತದೆ ಎಂದು ಬೂ ನಾಸಿರ್ ಕೇಳಿದರು. ಕಾಕ ಸುಳ್ಳು ಹೇಳುವವರಲ್ಲ. “ಕಪ್ಪು,” ಎಂದರು.

ಬೂ ನಾಸಿರರ ನಗು ಇಳಿಯಿತು. “ಲತೀಫ್! ಸೈದನಿಗೆ ಅಂತ ಹೇಳಿದೆನಲ್ಲ. ಅವನ ಮೂಗಿನ ಮೇಲೆ ಕನ್ನಡಕ ಇರುವುದು ನಿನಗೆ ಕಾಣಲಿಲ್ಲವಾ?”

“ಸರ್, ನಾನು ಸೈದ್ ಅಂದ್ರೆ ಬೇಟೆ, ನಿಮ್ಮ ಬೇಟೆಗೆ...”

“ನನಗಾ? ಬೇಟೆಯಾ? ಕೋಳಿ ಕೊಯ್ಯುವುದನ್ನು ನೋಡಿದರೆ ನನಗೆ ತಲೆ ತಿರುಗ್ತದೆ!”

ಆಫೀಸೆಲ್ಲ ನಕ್ಕಿತು. ಲತೀಶನಿಗೆ ಮಾತ್ರ ಕಾರ್ಮೆಲಿನ ಕೈಯ ಪ್ಲಾಸ್ಟಿಕ್ ಕವರು ಕೆಳಗಿಳಿಯುತ್ತಿರುವುದು ಕಂಡಿತು. ಡಿಸೆಂಬರ್ ಜಾರುತ್ತಿತ್ತು. ಏನಾದರೂ ಮಾಡಬೇಕು, ಈಗಲೇ ಮಾಡಬೇಕು.

“ಸರ್, ಈಗ ಹೋಗಿ ಬೇರೆ ತರ್ತೇನೆ! ಕಾಕನಿಗೆ ತೊಂದರೆ ಕೊಡುವುದಿಲ್ಲ. ವ್ಯಾನು ನಾನೇ ಓಡಿಸಿಕೊಂಡು ಹೋಗ್ತೇನೆ. ನನಗೆ ಲೈಸೆನ್ಸ್ ಉಂಟು!”

ಕಾಕ ಕಣ್ಣು ಮುಚ್ಚಿಕೊಂಡರು.

“ಲೈಸೆನ್ಸ್?” ಬೂ ನಾಸಿರರ ಮುಖ ಬೆಳಗಿತು. “ನಿನಗೆ ಲೈಸೆನ್ಸ್ ಉಂಟಾ? ಒಂದು ತಿಂಗಳಿಂದ ನಾನು ಡ್ರೈವರನ್ನು ಹುಡುಕ್ತಾ ಇದ್ದೇನೆ!” ಕಾಕನ ಕಿಸೆಯಿಂದ ವ್ಯಾನಿನ ಬೀಗದ ಕೈ ತೆಗೆಸಿ, ಲತೀಶನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ತಾವೇ ಮಡಚಿದರು. “ಸ್ಟೋರೂ ನೀನೇ, ವ್ಯಾನೂ ನೀನೇ. ಮಾಶಾ ಅಲ್ಲಾ!”

ಕಾರ್ಮೆಲ್ ಧೈರ್ಯ ಮಾಡಿ ಅರ್ಜಿಯನ್ನು ಮುಂದೆ ಹಿಡಿದಳು. ಬೂ ನಾಸಿರ್ ಅದನ್ನು ಪ್ರೀತಿಯಿಂದಲೇ ಓದಿದರು. “ಡಿಸೆಂಬರ್? ವ್ಯಾನು ಯಾರು ಓಡಿಸ್ತಾರೆ? ಹೊಸ ಡ್ರೈವರ್ ಬರಲಿ. ಇನ್ ಶಾ ಅಲ್ಲಾ.” ಆಮೇಲೆ ಕೇಕಿನ ತಟ್ಟೆಯನ್ನು ಅದರ ಮೇಲಿಟ್ಟರು.

ಸಂಜೆ ಮಂಗಫಿಗೆ ವ್ಯಾನು ಓಡಿಸಿದವನು ಲತೀಶ. ಪಕ್ಕದ ಸೀಟಿನಲ್ಲಿ ಕಾಕ, ಅವರ ತೊಡೆಯ ಮೇಲೆ ಹಸಿರು ದುರ್ಬೀನು.

“ಸೈದು ಕಾಕ,” ಎಂದ ಲತೀಶ. ಐದು ವರ್ಷದಲ್ಲಿ ಮೊದಲ ಸಲ. “ನಿಮಗೆ ಕರಿಯದೇ ತರ್ಬೇಕಿತ್ತು.”

“ಬಿಡು. ಗೇರ್ ಬದ್ಲಿಸು ಮೊದ್ಲು, ಗಾಡಿ ಅಳ್ತಾ ಉಂಟು.” ತಾವು ಉಳಿದುಕೊಂಡಿದ್ದ ಕಟ್ಟಡದ ಮುಂದೆ ಇಳಿದ ಕಾಕ, ದುರ್ಬೀನನ್ನು ಸೀಟಿನ ಮೇಲೆಯೇ ಬಿಟ್ಟರು. “ಇದು ನಿನಗಿರ್ಲಿ. ನಾನು ಇನ್ನು ಊರಲ್ಲೇ ಇರುವವ. ಕದೀಜಾ ಎದುರಲ್ಲೇ ಇರ್ತಾಳೆ, ಬೈಗುಳ ಹತ್ತಿರದಿಂದ್ಲೇ ಸಿಗ್ತದೆ. ದೂರದ್ದು ನೋಡ್ಬೇಕಾದವ ನೀನು.”

ಲತೀಶ ಮಹಡಿ ಹತ್ತಿದ. ಹೊತ್ತು ಮುಳುಗುತ್ತಿತ್ತು, ಉಮ್ಮರ್ ಕುಂಞಿ ಹೇಳಿದ್ದು ನಿಜ, ಮಂದ ಬೆಳಕಿಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಗೆ ಸಿಗಲಾರದು. ಪೂರ್ವಕ್ಕೆ ಮುಖ ಮಾಡಿ ಕಣ್ಣಿಗೆ ಹಿಡಿದ. ಕಿಸೆಯಲ್ಲಿ ಫೋನು ಹೊಡೆದುಕೊಂಡಿತು.

“ಸೈನ್ ಆಯ್ತಾ?” ಎಂದಳು ಅಶ್ಮಿತಾ. ಅವಳ ಹಿಂದೆ ಅಲೆಗಳ ಸದ್ದಿತ್ತು. “ಇನ್ ಶಾ ಅಲ್ಲಾ,” ಎಂದ ಇವನು. ಅವಳಿಗೆ ಅದೇ ಉತ್ತರವಾಯಿತು.

“ಈಗ ಎಂತ ಮಾಡ್ತಾ ಇದ್ದೀರಿ?”

“ದುರ್ಬೀನಿನಲ್ಲಿ ನೋಡ್ತಾ ಇದ್ದೇನೆ. ನಿನ್ನ ಕಡೆಗೇ.”

“ಎಂತ ಕಾಣ್ತದೆ?”

ಲತೀಶ ಗಾಜನ್ನು ಅಂಗಿಯಿಂದ ಒರೆಸಿ ಇನ್ನೊಮ್ಮೆ ನೋಡಿದ.

“ಅದೇ ಟ್ಯಾಂಕಿ,” ಎಂದ. “ಈಗ ಎಂಟು ಪಟ್ಟು ಹತ್ತಿರ ಬಂದಿದೆ.”